ಬೋಗ್ಮಾಳೊ ನೌಕಾ ವಿಮಾನ ಸಂಗ್ರಹಾಲಯ: ಅಂಗಳಕ್ಕೇ ಹೆಚ್ಚು ಅಂಕ

ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬರುವವರು ಗೋವಾದ ವಾಸ್ಕೋದಲ್ಲಿಳಿದು ಬೋಗ್ಮಾಳೊ ರಸ್ತೆ ಹಿಡಿದರೆ ಸಾಕು. ಸೋಮವಾರ ರಜೆ.

ಮೊದಲು ಸೀ ಹಾಕ್ ಯುದ್ಧ ಜೆಟ್ ನೋಡಿ. ಬಾಲದಲ್ಲಿ ಜೆಟ್ ಕೊಳವೆ ಹುಡುಕಬೇಡಿ, ಸಿಗುವುದಿಲ್ಲ. ಬಿಸಿ ಗಾಳಿ ಕವಲೊಡೆದು ರೆಕ್ಕೆಯ ಬುಡದ ಎರಡೂ ಬದಿಯಿಂದ ಹೊರಬೀಳುತ್ತದೆ. ಹೀಗೆ ಹಿಂದೆ ಉಳಿದ ಜಾಗದಲ್ಲಿ ಇಂಧನ ತುಂಬಿದರು. 1971ರ ಡಿಸೆಂಬರ್ 4ರಂದು ವಿಮಾನವಾಹಕ ನೌಕೆ ವಿಕ್ರಾಂತ್‌ನಿಂದ ಹಾರಿ ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆರಗಿದ್ದು ಇದೇ ಜಾತಿ. ಜಲಾಂತರ್ಗಾಮಿ ಬೇಟೆಯ ವಿಮಾನ ಅಲಿಝೆಯ ಹೊಟ್ಟೆಯನ್ನು ಬಗ್ಗಿ ನೋಡಬೇಕು: ರಾಡಾರ್ ಗುಮ್ಮಟ ಒಳಗೆಳೆದುಕೊಳ್ಳುವಂಥದು.

ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಮೂರು ಬಾಲದ ದೊಡ್ಡ ವಿಮಾನ ಸೂಪರ್ ಕಾನ್‌ಸ್ಟೆಲೇಷನ್ ಮುಂದೆ. ನಾಲ್ಕು ಎಂಜಿನ್, ಒಂದೊಂದಕ್ಕೆ 18 ಸಿಲಿಂಡರ್, ಸಿಲಿಂಡರಿಗೆರಡರಂತೆ 144 ಸ್ಪಾರ್ಕ್ ಪ್ಲಗ್. ಮೆಕ್ಯಾನಿಕ್‌ಗಳ ಪಾಡು ಯಾರಿಗೂ ಬೇಡ! ಗೋವಾ ವಿಮೋಚನೆಯ ವೇಳೆ, 1961ರ ಡಿಸೆಂಬರ್ 18ರಂದು, ನಮ್ಮ ಬಾಂಬರ್ ವಿಮಾನ ಕ್ಯಾನ್‌ಬೆರಾಗಳು ಪಕ್ಕದ ದಾಬೋಲಿಂ ರನ್‌ವೇಗೆ ಬಾಂಬ್ ಹಾಕಿದ ರಾತ್ರಿ, ಹಾನಿಗೊಂಡ ಅದೇ ರನ್‌ವೇಯಿಂದ ಪೋರ್ಚುಗೀಸರ ಇಂಥದೇ ವಿಮಾನವೊಂದು ಕರಾಚಿಗೆ ಪರಾರಿಯಾಯಿತು.

ಬಯಲಿನಲ್ಲಿ ನಿಂತ ಅಲ್ಯೂಮಿನಿಯಂಗೆ ಕಡಲ ಉಪ್ಪುಗಾಳಿ ಶತ್ರು. ಬಣ್ಣದಡಿ ಗುಳ್ಳೆ ಮೊದಲು ಏಳುವುದು ರಿವೆಟ್ ಸಾಲಿನಲ್ಲಿ. ನೆರಳು ಕಡಿಮೆ, ಟೋಪಿ ಇರಲಿ. ಐದಕ್ಕೆ ನಾಲ್ಕು ಅಂಕ.