ಲಿನಕ್ಸ್ ಕರ್ನೆಲ್‌ನ ಎಸ್‌ಪಿಐ ಮತ್ತು ಸ್ಪೈಡೆವ್: ಕೆಲಸ ಗಟ್ಟಿ, ಮಾತು ಕಡಿಮೆ

ಯುಎಸ್‌ಬಿ ಸಾಧನ ಸಿಕ್ಕಿಸಿದ ಕೂಡಲೇ ತಾನು ಯಾರೆಂದು ಹೇಳಿಕೊಳ್ಳುತ್ತದೆ. ಪ್ರೊಸೆಸರನ್ನು ಸುತ್ತಲಿನ ಚಿಪ್‌ಗಳಿಗೆ ಜೋಡಿಸುವ ಎಸ್‌ಪಿಐ ಎಂಬ ಬಸ್ ಮೇಲಿನ ಚಿಪ್‌ಗೆ ಆ ಸೌಕರ್ಯವಿಲ್ಲ. ಕ್ಲಾಕ್‌ಗೆ ಒಂದು ತಂತಿ, ಡೇಟಾ ಹೋಗಲು ಒಂದು, ಬರಲು ಒಂದು, ಯಾವ ಚಿಪ್ ಜೊತೆ ಮಾತು ಎಂದು ಆರಿಸುವ ಚಿಪ್ ಸೆಲೆಕ್ಟ್‌ಗೆ ಇನ್ನೊಂದು. ಈ ನಾಲ್ಕರ ಆಚೆ ತುದಿಯಲ್ಲಿ ಯಾವ ಚಿಪ್ ಇದೆ, ಎಷ್ಟು ವೇಗ ತಾಳುತ್ತದೆ, ಕ್ಲಾಕ್‌ನ ಯಾವ ಅಂಚಿನಲ್ಲಿ ಬಿಟ್ ಓದಬೇಕು ಎಂಬುದನ್ನೆಲ್ಲ ನಾವೇ ಕರ್ನೆಲ್‌ಗೆ ಬರೆದುಕೊಡಬೇಕು. ಬರೆದದ್ದು ತಪ್ಪಾದರೆ ಬಸ್ ದೂರು ಹೇಳುವುದಿಲ್ಲ, ಸುಳ್ಳು ಅಂಕಿ ಕೊಡುತ್ತದೆ. ಐ2ಸಿ ಎಂಬ ಇನ್ನೊಂದು ಬಸ್‌ನಲ್ಲಿರುವ ಅಕ್ನಾಲೆಜ್ ಬಿಟ್ (ಬೈಟ್ ತಲುಪಿತೆಂಬ ಉತ್ತರ) ಕೂಡ ಇಲ್ಲಿಲ್ಲ. ಆದ್ದರಿಂದ ಈ ವ್ಯವಸ್ಥೆಯನ್ನು ಅಳೆಯಬೇಕಾದ್ದು ಎರಡು ವಿಷಯದಲ್ಲಿ: ಬರೆದುಕೊಡುವ ಕೆಲಸವನ್ನು ಲಿನಕ್ಸ್ ಎಷ್ಟು ಹಗುರ ಮಾಡಿದೆ, ತಪ್ಪಿದಾಗ ಕಾರಣ ಹುಡುಕಲು ಎಷ್ಟು ನೆರವಾಗುತ್ತದೆ. ಮೊದಲನೆಯದಕ್ಕೆ ಪೂರ್ತಿ ಅಂಕ ಕೊಡಬಹುದು. ಎರಡನೆಯದಕ್ಕೆ ಅರ್ಧ. ಮಾಹಿತಿ ಕರ್ನೆಲ್ ಬಳಿ ಇದೆ, ಆದರೆ ಹೋಗಿ ಕೇಳಿದವರಿಗೆ ಮಾತ್ರ ಸಿಗುತ್ತದೆ.

ಡೇವಿಡ್ ಬ್ರೌನೆಲ್ ರೂಪಿಸಿದ ಈ ಚೌಕಟ್ಟು 2006ರಲ್ಲಿ 2.6.16ನೇ ಕರ್ನೆಲ್ ಜೊತೆ ಬಂತು. ಅಂದು ಮಾಡಿದ ಒಂದು ವಿಂಗಡಣೆ ಇಂದಿಗೂ ಇದರ ಬೆನ್ನೆಲುಬು. ಪ್ರೊಸೆಸರ್ ಒಳಗಿನ ಎಸ್‌ಪಿಐ ಯಂತ್ರಾಂಶವನ್ನು ನಡೆಸುವ ಕಂಟ್ರೋಲರ್ ಡ್ರೈವರ್ ಒಂದು ಕಡೆ, ತಂತಿಯ ಆ ತುದಿಯ ಚಿಪ್ ಜೊತೆ ಮಾತಾಡುವ ಪ್ರೊಟೊಕಾಲ್ ಡ್ರೈವರ್ ಇನ್ನೊಂದು ಕಡೆ. ಎಂಸಿಪಿ3008 ಎಂಬ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ) ಚಿಪ್‌ನ ಡ್ರೈವರ್‌ಗೆ ತಾನು ರಾಸ್ಪ್‌ಬೆರಿ ಪೈ ಮೇಲಿದ್ದೇನೋ, ಬೇರೆ ಬೋರ್ಡ್ ಮೇಲೋ, ಅಥವಾ ಬರೀ ಜಿಪಿಐಒ (ಸಾಮಾನ್ಯ ಬಳಕೆಯ) ಪಿನ್‌ಗಳನ್ನು ಏರಿಳಿಸುವ ಸ್ಪೈ-ಜಿಪಿಐಒ ಮೇಲೋ ಎಂದು ತಿಳಿಯಬೇಕಾದ ಅಗತ್ಯವೇ ಇಲ್ಲ. ಬೋರ್ಡ್ ಬದಲಾಯಿಸಿದಾಗ ಚಿಪ್‌ನ ಡ್ರೈವರ್ ಕೋಡ್‌ನಲ್ಲಿ ಒಂದು ಸಾಲೂ ಮುಟ್ಟಬೇಕಿಲ್ಲ ಎನ್ನುವುದು ಸಣ್ಣ ಮಾತಲ್ಲ.

ಕರ್ನೆಲ್ ಕಟ್ಟುವಾಗ ಆಯ್ಕೆ ಮಾಡಬೇಕಾದ್ದು ಕೆಲವೇ: ಕಾನ್ಫಿಗ್_ಎಸ್‌ಪಿಐ, ಕಾನ್ಫಿಗ್_ಎಸ್‌ಪಿಐ_ಮಾಸ್ಟರ್, ನಿಮ್ಮ ಪ್ರೊಸೆಸರ್‌ನ ಕಂಟ್ರೋಲರ್ (ಪೈ 4ರವರೆಗಿನ ಬೋರ್ಡ್‌ಗಳಿಗೆ ಬಿಸಿಎಂ2835), ಚಿಪ್‌ನ ಡ್ರೈವರ್. ಪರೀಕ್ಷೆಗೆ ಬೇಕೆಂದರೆ ಸ್ಪೈಡೆವ್ (ಅದರ ವಿವರ ಮುಂದಿದೆ) ಅನ್ನು ಮಾಡ್ಯೂಲ್ ಆಗಿ, ಅಂದರೆ ಬೇಕಾದಾಗ ಏರಿಸುವ ಪ್ರತ್ಯೇಕ ಫೈಲ್ ಆಗಿ, ಇಟ್ಟುಕೊಳ್ಳಿ. ಒಂದು ಎಚ್ಚರ: ರೂಟ್ ಫೈಲ್‌ಸಿಸ್ಟಮ್ ಎಸ್‌ಪಿಐ ಫ್ಲಾಶ್‌ನಲ್ಲೇ ಇದ್ದರೆ ಕಂಟ್ರೋಲರ್ ಡ್ರೈವರನ್ನೂ ಫ್ಲಾಶ್ ಡ್ರೈವರನ್ನೂ ಮಾಡ್ಯೂಲ್ ಮಾಡಬೇಡಿ, ಕರ್ನೆಲ್ ಒಳಗೇ ಸೇರಿಸಿ. ಫ್ಲಾಶ್ ಓದಲು ಬೇಕಾದ ಮಾಡ್ಯೂಲ್ ಆ ಫ್ಲಾಶ್‌ನೊಳಗೇ ಕೂತಿದ್ದರೆ ಬೂಟ್ ಅಲ್ಲಿಗೇ ನಿಲ್ಲುತ್ತದೆ.

ನಿಜವಾದ ಕಾನ್ಫಿಗರೇಶನ್ ನಡೆಯುವುದು ಡಿವೈಸ್ ಟ್ರೀಯಲ್ಲಿ, ಅಂದರೆ ಬೋರ್ಡ್ ಮೇಲಿನ ಯಂತ್ರಾಂಶವನ್ನು ಕರ್ನೆಲ್‌ಗೆ ವಿವರಿಸುವ ಫೈಲ್‌ನಲ್ಲಿ. ಕಂಟ್ರೋಲರ್ ನೋಡ್‌ನ ಸ್ಟೇಟಸ್ 'ಒಕೆ' ಆಗಿರಬೇಕು, ಪಿನ್‌ಕಂಟ್ರೋಲ್ ಮೂಲಕ ಪಿನ್‌ಗಳು ಎಸ್‌ಪಿಐ ಕೆಲಸಕ್ಕೆ ತಿರುಗಿರಬೇಕು, ಅಡ್ರೆಸ್-ಸೆಲ್ಸ್ 1, ಸೈಜ್-ಸೆಲ್ಸ್ 0. ಅದರೊಳಗೆ ಪ್ರತಿ ಚಿಪ್‌ಗೂ ಒಂದೊಂದು ಉಪನೋಡ್. ಅಲ್ಲಿನ ರೆಗ್ ಎಂಬುದು ಮೆಮೊರಿ ವಿಳಾಸವಲ್ಲ, ಚಿಪ್ ಸೆಲೆಕ್ಟ್‌ನ ಸಂಖ್ಯೆ. ನೋಡ್ ಹೆಸರಿನಲ್ಲಿ @ ಗುರುತಿನ ಮುಂದೆ ಬರೆದ ಸಂಖ್ಯೆಯೂ ಅದೇ ಇರಬೇಕು. ಪಿನ್‌ಕಂಟ್ರೋಲ್ ಮರೆತರೆ ಡ್ರೈವರ್ ನೆಟ್ಟಗೆ ಏರುತ್ತದೆ, ದೋಷ ಸಂದೇಶ ಬರುವುದಿಲ್ಲ, ಪಿನ್ ಮೇಲೆ ಮಾತ್ರ ಒಂದು ಪಲ್ಸ್ ಕೂಡ ಕಾಣುವುದಿಲ್ಲ.

ಕ್ಲಾಕ್ ಮೋಡ್‌ಗೆ ಎರಡು ಗುಣಗಳಿವೆ, ಸ್ಪೈ-ಸಿಪಿಒಎಲ್ (ಬಿಡುವಿನಲ್ಲಿ ಕ್ಲಾಕ್ ಮೇಲಿರಬೇಕು) ಮತ್ತು ಸ್ಪೈ-ಸಿಪಿಎಚ್‌ಎ (ಬಿಟ್ ಓದುವುದು ಕ್ಲಾಕ್‌ನ ಎರಡನೇ ಅಂಚಿನಲ್ಲಿ). ಎರಡನ್ನೂ ಬರೆಯದಿದ್ದರೆ ಮೋಡ್ 0, ಎರಡನ್ನೂ ಬರೆದರೆ ಮೋಡ್ 3. ಈ ಎರಡರಲ್ಲೂ ಬಿಟ್ ಓದುವುದು ಕ್ಲಾಕ್ ಏರುವ ಅಂಚಿನಲ್ಲೇ, ಹಾಗಾಗಿ ಎಷ್ಟೋ ಫ್ಲಾಶ್ ಚಿಪ್‌ಗಳು ಎರಡಕ್ಕೂ ಒಗ್ಗುತ್ತವೆ. ಬೀಳುವ ಅಂಚು ಬೇಕಾದ ಚಿಪ್‌ಗಳಿಗೆ ಮೋಡ್ 1 ಅಥವಾ 2. ಮೋಡ್ ತಪ್ಪಿದರೆ ಸಾಮಾನ್ಯವಾಗಿ ಕಾಣುವ ಲಕ್ಷಣ ಸಂಪೂರ್ಣ ಮೌನವಲ್ಲ, ಅಂಕಿ ಒಂದು ಬಿಟ್‌ನಷ್ಟು ಪಕ್ಕಕ್ಕೆ ಸರಿಯುವುದು: 165 ಬರಬೇಕಾದಲ್ಲಿ 82 ಬರುತ್ತದೆ. ಓದಿದ ಸಂಖ್ಯೆ ನಿರೀಕ್ಷಿಸಿದ್ದರ ಅರ್ಧದ ಆಸುಪಾಸಿನಲ್ಲೋ ಎರಡು ಪಟ್ಟಿನ ಆಸುಪಾಸಿನಲ್ಲೋ ಇದ್ದರೆ ವೈರಿಂಗ್ ಕಿತ್ತು ನೋಡುವ ಮೊದಲು ಮೋಡ್ ನೋಡಿ.

ಚಿಪ್ ಸೆಲೆಕ್ಟ್‌ನ ಧ್ರುವತೆ ಈ ವ್ಯವಸ್ಥೆಯ ಅತ್ಯಂತ ಗೊಂದಲದ ಮೂಲೆ. ಚಿಪ್ ಸೆಲೆಕ್ಟ್ ಪಿನ್‌ಗಳನ್ನು ಹೇಳುವ ಸಿಎಸ್-ಜಿಪಿಐಒಸ್ ಸಾಲಿನಲ್ಲಿ ಆಕ್ಟಿವ್ ಹೈ (ತಂತಿ ಮೇಲಿದ್ದಾಗ ಚಿಪ್ ಆಯ್ಕೆ) ಎಂದು ಬರೆದು, ಚಿಪ್‌ನ ನೋಡ್‌ನಲ್ಲಿ ಸ್ಪೈ-ಸಿಎಸ್-ಹೈ ಬರೆಯದೆ ಬಿಟ್ಟರೆ ಕರ್ನೆಲ್ ನಿಮ್ಮ ಜಿಪಿಐಒ ಗುರುತನ್ನು ಬದಿಗೊತ್ತಿ ಆಕ್ಟಿವ್ ಲೋ ಎಂದೇ ನಡೆಸುತ್ತದೆ. ಲಾಗ್‌ನಲ್ಲಿ 'ಎನ್‌ಫೋರ್ಸ್ ಆಕ್ಟಿವ್ ಲೋ' ಎಂಬ ಒಂದು ಸಾಲು ಬರುತ್ತದೆ, ಅಷ್ಟೇ. ಹಳೆಯ ಡಿವೈಸ್ ಟ್ರೀಗಳು ಕೆಡಬಾರದೆಂದು ಮಾಡಿದ ಏರ್ಪಾಡು ಇದು. ಉದ್ದೇಶ ಒಳ್ಳೆಯದೇ, ಆದರೆ ಒಂದೇ ಸಂಗತಿಯನ್ನು ಎರಡು ಕಡೆ ಹೇಳಿಸುವುದು ವಿನ್ಯಾಸದ ಕೊರತೆಯೇ ಸರಿ. ಎರಡೂ ಕಡೆ ಒಂದೇ ಮಾತು ಬರೆಯಿರಿ.

ಸ್ಪೈ-ಮ್ಯಾಕ್ಸ್-ಫ್ರೀಕ್ವೆನ್ಸಿ ವೇಗದ ಮೇಲ್ಮಿತಿ, ಸಿಗುವ ವೇಗವಲ್ಲ. ಬಿಸಿಎಂ2835 ಡ್ರೈವರ್ ತನ್ನ ಆಧಾರ ಕ್ಲಾಕನ್ನು ಸಮಸಂಖ್ಯೆಯಿಂದ ಮಾತ್ರ ಭಾಗಿಸುತ್ತದೆ, ಕೇಳಿದ್ದಕ್ಕಿಂತ ಎಂದೂ ಮೇಲೆ ಹೋಗುವುದಿಲ್ಲ. ಆಧಾರ ಕ್ಲಾಕ್ 250 ಮೆಗಾಹರ್ಟ್ಸ್ ಇದ್ದು ನೀವು 10 ಕೇಳಿದರೆ ಭಾಜಕ 25 ಆಗಬೇಕು, 26 ಆಗುತ್ತದೆ, ತಂತಿಯ ಮೇಲೆ 9.615 ಮೆಗಾಹರ್ಟ್ಸ್ ಸಿಗುತ್ತದೆ. 20 ಕೇಳಿದರೆ ಭಾಜಕ 14, ಸಿಗುವುದು 17.857. ಆಸಿಲೋಸ್ಕೋಪ್‌ನಲ್ಲಿ ಈ ಅಂಕಿ ಕಂಡು ಡ್ರೈವರ್ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಮೇಲ್ಮಿತಿಯನ್ನು ಚಿಪ್‌ನ ವೋಲ್ಟೇಜ್ ನೋಡಿಯೇ ಬರೆಯಬೇಕು. ಎಂಸಿಪಿ3008ಗೆ 5 ವೋಲ್ಟ್‌ನಲ್ಲಿ 3.6 ಮೆಗಾಹರ್ಟ್ಸ್ ನಡೆಯುತ್ತದೆ, 2.7 ವೋಲ್ಟ್‌ನಲ್ಲಿ 1.35 ಮಾತ್ರ. 3.3 ವೋಲ್ಟ್ ಕೊಟ್ಟು 3.6ರಲ್ಲಿ ಓಡಿಸಿದರೆ ಚಿಪ್ ಉತ್ತರಿಸಬಹುದು, ಆದರೆ ಅದು ಡೇಟಾಶೀಟ್ ಭರವಸೆ ಕೊಟ್ಟ ಉತ್ತರವಲ್ಲ. 1350000 ಎಂದು ಬರೆಯುವುದು ಸುರಕ್ಷಿತ.

ಈಗ ಸ್ಪೈಡೆವ್. ಕರ್ನೆಲ್ ಡ್ರೈವರ್ ಬರೆಯದೆ, ಬಳಕೆದಾರ ಪ್ರೋಗ್ರಾಮ್‌ನಿಂದಲೇ ಬಸ್ ಮುಟ್ಟಲು ಬಿಡುವ ಡ್ರೈವರ್ ಇದು. /ಡೆವ್/ಸ್ಪೈಡೆವ್0.0 ಎಂಬಲ್ಲಿ ಮೊದಲ ಸಂಖ್ಯೆ ಬಸ್, ಎರಡನೆಯದು ಚಿಪ್ ಸೆಲೆಕ್ಟ್. ಹೊಸ ಬೋರ್ಡ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಉಪಕರಣ ಇಲ್ಲ. ಮಿತಿಗಳನ್ನು ಮಾತ್ರ ತಿಳಿದಿರಬೇಕು. ಬರೀ ರೀಡ್, ರೈಟ್ ಬಳಸಿದರೆ ಒಮ್ಮೆಗೆ ಒಂದೇ ದಿಕ್ಕು. ಏಕಕಾಲಕ್ಕೆ ಎರಡೂ ದಿಕ್ಕು ಬೇಕಾದರೆ ಐಒಸಿಟಿಎಲ್ ಎಂಬ ಸಿಸ್ಟಮ್ ಕರೆಯ ಮೂಲಕ ಸಂದೇಶ ಕಳಿಸಬೇಕು. ಆ ಸಂದೇಶದ ಸ್ಟ್ರಕ್ಚರನ್ನು ಮೊದಲು ಪೂರ್ತಿ ಸೊನ್ನೆ ಮಾಡಿ. ಸ್ಟ್ಯಾಕ್‌ನ ಕಸ ಅದರಲ್ಲಿ ಉಳಿದರೆ ಒಮ್ಮೆ ಓಡಿದ ಪ್ರೋಗ್ರಾಮ್ ಇನ್ನೊಮ್ಮೆ 'ಇನ್ವ್ಯಾಲಿಡ್ ಆರ್ಗ್ಯುಮೆಂಟ್' ಎನ್ನುತ್ತದೆ. ಬಫರ್ ಮೂಲತಃ 4096 ಬೈಟ್. ಡಿಸ್‌ಪ್ಲೇಗೆ ಇಡೀ ಫ್ರೇಮ್ ಕಳಿಸಹೊರಟು 'ಮೆಸೇಜ್ ಟೂ ಲಾಂಗ್' ಎಂದು ಬಂದರೆ ಕಾರಣ ಇದೇ. ಬೂಟ್ ಸಾಲಿಗೆ ಸ್ಪೈಡೆವ್.ಬಫ್‌ಸಿಜ್=65536 ಸೇರಿಸಿದರೆ ಪರಿಹಾರ.

ಡಿವೈಸ್ ಟ್ರೀಯಲ್ಲಿ ಚಿಪ್‌ನ ಹೆಸರು ಹೇಳುವ ಕಂಪ್ಯಾಟಿಬಲ್ ಸಾಲಿನಲ್ಲಿ ನೇರವಾಗಿ ಸ್ಪೈಡೆವ್ ಎಂದು ಬರೆಯುವ ಹಳೆಯ ರೂಢಿಯನ್ನು ಕರ್ನೆಲ್ ಮೊದಲು ಎಚ್ಚರಿಕೆ ಕೊಟ್ಟು ಸಹಿಸಿತು, ಈಗ ನಿರಾಕರಿಸುತ್ತದೆ. ನಿರಾಕರಣೆ ಸರಿಯೇ: ಡಿವೈಸ್ ಟ್ರೀ ಹೇಳಬೇಕಾದ್ದು ಬೋರ್ಡ್ ಮೇಲೆ ಯಾವ ಚಿಪ್ ಇದೆ ಎಂಬುದನ್ನು, ಸ್ಪೈಡೆವ್ ಎಂಬ ಚಿಪ್ ಎಲ್ಲೂ ಇಲ್ಲ. ಇದನ್ನು ದಾಟಲು ಪಟ್ಟಿಯಲ್ಲಿರುವ ಬೇರಾವುದೋ ಚಿಪ್‌ನ ಹೆಸರನ್ನು ಎರವಲು ಪಡೆಯುವುದು ವ್ಯಾಪಕವಾಗಿದೆ. ಬೇಡ, ಮುಂದೆ ಬೋರ್ಡ್ ನೋಡಿಕೊಳ್ಳುವವರ ದಾರಿ ತಪ್ಪಿಸಿದಂತಾಗುತ್ತದೆ. ಸರಿಯಾದ ದಾರಿ ಚಿಪ್‌ನ ನಿಜವಾದ ಹೆಸರನ್ನೇ ಬರೆದು, ಸ್ಪೈಡೆವ್ ಮಾಡ್ಯೂಲ್ ಏರಿಸಿ, /ಸಿಸ್/ಬಸ್/ಸ್ಪೈ/ಡಿವೈಸಸ್/ಸ್ಪೈ0.0 ಕೆಳಗಿನ ಡ್ರೈವರ್_ಓವರ್‌ರೈಡ್ ಫೈಲ್‌ಗೆ 'ಸ್ಪೈಡೆವ್' ಎಂದು ಬರೆದು, ಆಮೇಲೆ /ಸಿಸ್/ಬಸ್/ಸ್ಪೈ/ಡ್ರೈವರ್ಸ್/ಸ್ಪೈಡೆವ್ ಕೆಳಗಿನ ಬೈಂಡ್‌ಗೆ 'ಸ್ಪೈ0.0' ಎಂದು ಬರೆಯುವುದು. ಅಷ್ಟರಲ್ಲಾಗಲೇ ಬೇರೆ ಡ್ರೈವರ್ ಹಿಡಿದಿದ್ದರೆ ಮೊದಲು ಅದರ ಅನ್‌ಬೈಂಡ್.

ಪರೀಕ್ಷೆಗೆ ಕರ್ನೆಲ್ ಮೂಲದ ಟೂಲ್ಸ್/ಸ್ಪೈ ಕೋಶದಲ್ಲಿ ಸ್ಪೈಡೆವ್_ಟೆಸ್ಟ್ ಇದೆ. ಮಾಸಿ (ಡೇಟಾ ಹೋಗುವ), ಮೀಸೋ (ಡೇಟಾ ಬರುವ) ಪಿನ್‌ಗಳಿಗೆ ಒಂದು ಜಂಪರ್ ಹಾಕಿ (ಪೈನಲ್ಲಿ 19 ಮತ್ತು 21ನೇ ಪಿನ್) ಓಡಿಸಿದರೆ ಕಳಿಸಿದ ಬೈಟ್‌ಗಳೇ ಮರಳಬೇಕು. ಆದರೆ ಈ ಪರೀಕ್ಷೆ ಪಾಸಾದರೆ ಎಲ್ಲ ಸರಿ ಎಂದಲ್ಲ. ಕಳಿಸಿದ್ದೇ ಹಿಂದಿರುಗುವ ಕಾರಣ ಮೋಡ್ ಯಾವುದಿದ್ದರೂ ಅಂಕಿ ಹೊಂದುತ್ತದೆ, ಚಿಪ್ ಸೆಲೆಕ್ಟ್ ತಂತಿ ಕಿತ್ತಿದ್ದರೂ ಹೊಂದುತ್ತದೆ. ಅದು ಸಾಬೀತು ಮಾಡುವುದು ಕಂಟ್ರೋಲರ್ ಮತ್ತು ಆ ಎರಡು ಪಿನ್‌ಗಳನ್ನು ಮಾತ್ರ. ಚಿಪ್ ಜೋಡಿಸಿದ ಮೇಲೆ ಬಂದ ಬೈಟ್‌ಗಳೆಲ್ಲ 255 ಆಗಿದ್ದರೆ ಮೀಸೋ ತಂತಿಯನ್ನು ಯಾರೂ ಎಳೆಯುತ್ತಿಲ್ಲ, ಪುಲ್‌ಅಪ್ ಅದನ್ನು ಮೇಲಿಟ್ಟಿದೆ ಎಂದು ಶಂಕಿಸಿ, ಚಿಪ್ ಸೆಲೆಕ್ಟ್‌ನಿಂದ ಹುಡುಕಾಟ ಶುರು ಮಾಡಿ. ಎಲ್ಲ 0 ಆಗಿದ್ದರೆ ಚಿಪ್‌ಗೆ ವಿದ್ಯುತ್ ಇದೆಯೇ, ರೀಸೆಟ್ ಪಿನ್ ಬಿಡುಗಡೆ ಆಗಿದೆಯೇ, ಗ್ರೌಂಡ್ ಸೇರಿದೆಯೇ ನೋಡಿ.

ಕೇಳಿದವರಿಗೆ ಮಾತ್ರ ಸಿಗುವ ಮಾಹಿತಿ ಎಂದದ್ದು ಇವು: /ಸಿಸ್/ಕ್ಲಾಸ್/ಸ್ಪೈ_ಮಾಸ್ಟರ್/ಸ್ಪೈ0/ಸ್ಟ್ಯಾಟಿಸ್ಟಿಕ್ಸ್ ಒಳಗೆ ಸಂದೇಶ, ಬೈಟ್, ದೋಷ, ಟೈಮ್‌ಔಟ್‌ಗಳ ಲೆಕ್ಕ ಇರುತ್ತದೆ. ಪ್ರೋಗ್ರಾಮ್ ಓಡುವಾಗ ಆ ಲೆಕ್ಕ ಏರುತ್ತಿದ್ದರೆ ಡ್ರೈವರ್ ತನ್ನ ಪಾಲಿನದ್ದು ಮಾಡಿದೆ, ತೊಂದರೆಯನ್ನು ಪಿನ್‌ಕಂಟ್ರೋಲ್, ಮೋಡ್ ಅಥವಾ ಪಿನ್‌ನ ಆಚೆ ಹುಡುಕಿ. ಇನ್ನೂ ಸೂಕ್ಷ್ಮ ಬೇಕಾದರೆ ಟ್ರೇಸಿಂಗ್‌ನ ಸ್ಪೈ ಗುಂಪಿನ ಈವೆಂಟ್‌ಗಳನ್ನು ತೆರೆದರೆ ಪ್ರತಿ ಟ್ರಾನ್ಸ್‌ಫರ್ ಶುರುವಾದ, ಮುಗಿದ ಕ್ಷಣ ಸಿಗುತ್ತದೆ. ಇಂಥ ಉಪಕರಣ ಇದ್ದೂ ಇದರ ಸುದ್ದಿ ಎಷ್ಟೋ ಜನರಿಗೆ ತಲುಪದಿರುವುದು ನಿಜಕ್ಕೂ ಬೇಸರದ ವಿಷಯ.

ಕರ್ನೆಲ್ ಒಳಗೆ ಡ್ರೈವರ್ ಬರೆಯುವವರು ಮುಗ್ಗರಿಸುವುದು ಹೆಚ್ಚಾಗಿ ಬಫರ್‌ನಲ್ಲಿ. ಟ್ರಾನ್ಸ್‌ಫರ್‌ಗೆ ಕೊಡುವ ಬಫರ್ ಡಿಎಂಎಗೆ (ಪ್ರೊಸೆಸರ್ ನಡುವೆ ಬಾರದೆ ಯಂತ್ರಾಂಶವೇ ಮೆಮೊರಿ ಮುಟ್ಟುವ ವಿಧಾನಕ್ಕೆ) ತಕ್ಕದ್ದಾಗಿರಬೇಕು. ಸ್ಟ್ಯಾಕ್ ಮೇಲಿನ ಅರೇ ಕೊಡಬಾರದು, ಕರ್ನೆಲ್‌ನಲ್ಲಿ ಮೆಮೊರಿ ಕೊಡುವ ಕೆಮ್ಯಾಲಕ್‌ನಿಂದ ಪಡೆದದ್ದು ಕೊಡಬೇಕು. ಇದು ಕಾಡುವ ಬಗೆ ವಿಚಿತ್ರ. ಬಿಸಿಎಂ2835 ಡ್ರೈವರ್ 96 ಬೈಟ್‌ಗಿಂತ ಚಿಕ್ಕ ಟ್ರಾನ್ಸ್‌ಫರ್‌ಗೆ ಡಿಎಂಎ ಹಿಡಿಯುವುದೇ ಇಲ್ಲ. 30 ಮೈಕ್ರೋಸೆಕೆಂಡ್ ಒಳಗೆ ಮುಗಿಯುವಂಥದ್ದಾದರೆ ಪೋಲಿಂಗ್, ಉಳಿದದ್ದಕ್ಕೆ ಇಂಟರಪ್ಟ್. ಹಾಗಾಗಿ ಸ್ಟ್ಯಾಕ್ ಬಫರ್ ಸಣ್ಣ ಪರೀಕ್ಷೆಯಲ್ಲೆಲ್ಲ ಗೆದ್ದು, ಉದ್ದದ ಓದಿನಲ್ಲಿ ಕೆಡುತ್ತದೆ. ಚಿಕ್ಕ ಆಜ್ಞೆಗಳಿಗೆ ಸ್ಪೈ_ರೈಟ್_ದೆನ್_ರೀಡ್ ಬಳಸಿ, ಅದು ತಾನೇ ಸುರಕ್ಷಿತ ಬಫರ್‌ಗೆ ನಕಲು ಮಾಡಿಕೊಳ್ಳುತ್ತದೆ. ಆಜ್ಞೆ ಮತ್ತು ಓದು ಒಂದೇ ಚಿಪ್ ಸೆಲೆಕ್ಟ್ ಅವಧಿಯಲ್ಲಿ ಆಗಬೇಕಿದ್ದರೆ ಎರಡನ್ನೂ ಒಂದೇ ಸಂದೇಶದ ಎರಡು ಟ್ರಾನ್ಸ್‌ಫರ್ ಮಾಡಿ. ಎರಡು ಬೇರೆ ಸಂದೇಶ ಮಾಡಿದರೆ ನಡುವೆ ಚಿಪ್ ಸೆಲೆಕ್ಟ್ ಬಿಟ್ಟುಹೋಗಿ ಚಿಪ್ ಆಜ್ಞೆ ಮರೆಯುತ್ತದೆ. ಸ್ಪೈ_ಸಿಂಕ್ ನಿದ್ರಿಸಬಹುದಾದ ಕರೆ, ಇಂಟರಪ್ಟ್ ಹ್ಯಾಂಡ್ಲರ್ ಒಳಗಿಂದ ಕರೆಯಬೇಡಿ. ಥ್ರೆಡೆಡ್ ಇಂಟರಪ್ಟ್ ಇರುವುದೇ ಇದಕ್ಕೆ.

ಪೈ ಬಳಸುವವರು ಗಮನಿಸಬೇಕಾದ್ದು ಇನ್ನೆರಡು. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಸ್ಪೈ1 ಸಹಾಯಕ ಕಂಟ್ರೋಲರ್. ಅದರ ಡ್ರೈವರ್ ಸಿಪಿಎಚ್‌ಎ ಒಪ್ಪುವುದಿಲ್ಲ, ಅಂದರೆ ಮೋಡ್ 1 ಮತ್ತು 3 ಇಲ್ಲ. ಲಾಗ್‌ನಲ್ಲಿ 'ಅನ್‌ಸಪೋರ್ಟೆಡ್ ಮೋಡ್ ಬಿಟ್ಸ್ 1' ಎಂದು ಬಂದರೆ ಚಿಪ್ ಅನ್ನು ಸ್ಪೈ0ಗೆ ಸ್ಥಳಾಂತರಿಸಿ, ಸ್ಪೈ1ರಲ್ಲೇ ದಾರಿ ಹುಡುಕಿ ಫಲವಿಲ್ಲ. ಇನ್ನೊಂದು, ಪೈನ ಬೂಟ್ ಸೆಟ್ಟಿಂಗ್‌ಗಳ ಫೈಲ್ ಕಾನ್ಫಿಗ್.ಟಿಎಕ್ಸ್‌ಟಿಯಲ್ಲಿ ಡಿಟಿಪ್ಯಾರಾಮ್=ಸ್ಪೈ=ಆನ್ ಹಾಕಿದ ಕೂಡಲೇ ಸ್ಪೈ0ರ ಎರಡೂ ಚಿಪ್ ಸೆಲೆಕ್ಟ್‌ಗಳಲ್ಲಿ ಸ್ಪೈಡೆವ್ ಕೂತುಬಿಡುತ್ತದೆ. ಅಲ್ಲಿಗೇ ನಿಮ್ಮ ಚಿಪ್‌ನ ನೋಡ್ ಸೇರಿಸಿದರೆ 'ಚಿಪ್‌ಸೆಲೆಕ್ಟ್ 0 ಆಲ್ರೆಡಿ ಇನ್ ಯೂಸ್' ಎಂಬ ಸಂದೇಶ ಬಂದು ಡ್ರೈವರ್ ಏರುವುದಿಲ್ಲ. ಓವರ್‌ಲೇಯಲ್ಲಿ (ಡಿವೈಸ್ ಟ್ರೀಗೆ ಮೇಲಿಂದ ಸೇರಿಸುವ ತುಂಡಿನಲ್ಲಿ) ಮೊದಲು ಸ್ಪೈಡೆವ್0ರ ಸ್ಟೇಟಸ್ 'ಡಿಸೇಬಲ್ಡ್' ಮಾಡಿ.

ಸ್ಪೈಡೆವ್‌ನಲ್ಲಿ ಪರೀಕ್ಷೆ ಮುಗಿಸಿ ಅದನ್ನೇ ಉತ್ಪನ್ನಕ್ಕೂ ಉಳಿಸಿಕೊಳ್ಳುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ಎಂಸಿಪಿ3008ಗೆ ಕರ್ನೆಲ್‌ನಲ್ಲೇ ಎಂಸಿಪಿ320ಎಕ್ಸ್ ಡ್ರೈವರ್ ಇದೆ. ಕಂಪ್ಯಾಟಿಬಲ್ ಸಾಲಿಗೆ 'ಮೈಕ್ರೋಚಿಪ್,ಎಂಸಿಪಿ3008', ರೆಗ್ 0, ವೇಗ 1350000, ಜೊತೆಗೆ ಚಿಪ್‌ನ ಆಧಾರ ವೋಲ್ಟೇಜ್ ಎಲ್ಲಿಂದ ಬರುತ್ತದೆ ಎನ್ನುವ ವಿರೆಫ್-ಸಪ್ಲೈ. ಎಣಿಕೆಯನ್ನು ವೋಲ್ಟೇಜ್ ಆಗಿ ತಿರುಗಿಸುವ ಪ್ರಮಾಣ ಈ ಕೊನೆಯ ಸಾಲಿನಿಂದಲೇ ಬರುವುದರಿಂದ ಅದನ್ನು ಬಿಡುವಂತಿಲ್ಲ. ಇಷ್ಟು ಬರೆದರೆ ಐಐಒ (ಎಡಿಸಿ, ಸೆನ್ಸರ್‌ಗಳಿಗಾಗಿ ಇರುವ ಕರ್ನೆಲ್ ವಿಭಾಗ) ಕೋಶದಲ್ಲಿ ಇನ್_ವೋಲ್ಟೇಜ್0_ರಾ ಎಂಬ ಫೈಲ್ ಬರುತ್ತದೆ, ಅದನ್ನು ಕ್ಯಾಟ್ ಮಾಡಿದರೆ 0ಯಿಂದ 1023ರೊಳಗಿನ ಒಂದು ಸಂಖ್ಯೆ.