ನೀರಿನ ಭಯಕ್ಕೆ ಮೂರು ಮದ್ದು: ಎರಡು ವರ್ಷ ಬಳಸಿದ ಮೇಲೆ

ನನಗೀಗ 43. ಒಂಬತ್ತು ವರ್ಷದವಳಿದ್ದಾಗ ಅಜ್ಜಿ ಊರಿನ ಕಲ್ಯಾಣಿಯಲ್ಲಿ ಪಾಚಿ ಮೆಟ್ಟಿಲ ಮೇಲೆ ಜಾರಿ ಮುಳುಗಿದ್ದೆ. ಸೋದರಮಾವ ಜಡೆ ಹಿಡಿದು ಎಳೆದು ಹಾಕಿದರು. ಅವತ್ತಿನಿಂದ ಸ್ನಾನದ ಮನೆಯಲ್ಲೂ ತಲೆಗೆ ನೀರು ಹುಯ್ದುಕೊಳ್ಳುವಾಗ ಕಣ್ಣು ಮುಚ್ಚಿದವಳಲ್ಲ. ಶಾಂಪೂ ಉರಿ ತಡೆದುಕೊಂಡೆ, ಕತ್ತಲೆ ತಡೆಯಲಾಗಲಿಲ್ಲ. ಮಗಳು ಈಜು ಕಲಿಯುವಾಗ ಬೇಲಿಯಾಚೆ ನಿಂತು ನೋಡುತ್ತಿದ್ದೆ. ಒಂದು ಸಂಜೆ ಸ್ಕೂಟರ್ ಹಿಂದೆ ಕೂತವಳು ಕೇಳಿದಳು, "ಅಮ್ಮ, ನಾನ್ ಮುಳುಗಿದ್ರೆ ನೀನೇನ್ ಮಾಡ್ತೀಯಾ?" ಸಿಗ್ನಲ್ ಬಿಟ್ಟರೂ ಗಾಡಿ ಮುಂದೆ ಹೋಗಲಿಲ್ಲ. ದುಡ್ಡು ಸುರಿಯೋಕೆ ಶುರುಮಾಡಿದ್ದು ಅಲ್ಲಿಂದ.

ಮೊದಲನೆಯದು ಮೊಬೈಲ್ ಆಪ್. ವರ್ಷಕ್ಕೆ 1,499 ರೂಪಾಯಿ. ಮಲಗುವ ಮುಂಚೆ 20 ನಿಮಿಷ ಒಂದು ಮೆತ್ತನೆಯ ದನಿ "ನಾನು ಧೈರ್ಯವಂತೆ" ಅಂತ ಹೇಳಿಸುತ್ತದೆ. 21 ದಿನದಲ್ಲಿ ಭಯ ಮಾಯ ಎಂಬುದು ಅವರ ಜಾಹೀರಾತು. ಈ 21 ಎಲ್ಲಿಂದ ಬಂತು ಅಂತ ಹುಡುಕಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ 21 ದಿನ ಬೇಕು ಎಂದು 1960ರಲ್ಲಿ ಬರೆದಿದ್ದರು. "ಕಡಿಮೆಯೆಂದರೂ" ಎಂಬುದು ಬಾಯಿಂದ ಬಾಯಿಗೆ ದಾಟುವಾಗ ಉದುರಿಹೋಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿದಾಗ ಒಂದು ಸಣ್ಣ ಅಭ್ಯಾಸ ಕೂರಲು ಸುಮಾರು 66 ದಿನ ಹಿಡಿದಿತ್ತು. ಒಬ್ಬೊಬ್ಬರಿಗೆ 18ರಿಂದ 254ರವರೆಗೆ.

ಆಪ್ ಕೊಂಡ ದಿನವೇ ಒಂದು ಪುಸ್ತಕ ಇಟ್ಟಿದ್ದೆ. ಭಯಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಹಾಕುವುದು ಮನೋವೈದ್ಯ ಜೋಸೆಫ್ ವೋಲ್ಪೆ ರೂಢಿಗೆ ತಂದ ಪದ್ಧತಿ, ಖರ್ಚಿಲ್ಲದ್ದು. ಪರೀಕ್ಷೆ ಇಷ್ಟೇ: ಈಜುಕೊಳದ ಮೂರೂವರೆ ಅಡಿ ಕಡೆ ಸೊಂಟದ ಮಟ್ಟ ಇಳಿದು ಒಂದು ನಿಮಿಷ ನಿಲ್ಲೋದು. ಆಪ್ ಶುರುಮಾಡುವ ಮುಂಚೆ 85. ಮೂರು ತಿಂಗಳು ಕೇಳಿದ ಮೇಲೆ 80, ಕೈ ಕಂಬಿ ಬಿಟ್ಟಿರಲಿಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬರ್ತಿತ್ತು, ಸುಳ್ಳು ಹೇಳಬಾರದು. ನಿದ್ದೆಗೆ ನಾಲ್ಕು ಸ್ಟಾರ್, ನೀರಿಗೆ ಒಂದು.

ಎರಡನೆಯದು ಎರಡು ದಿನದ ಕಾರ್ಯಾಗಾರ, 7,500 ರೂಪಾಯಿ, ರೆಸಾರ್ಟ್ ಊಟ ಸೇರಿ. ಕೂಗು, ಕುಣಿತ, ಅಳು, ಕೊನೆಗೆ ರಾತ್ರಿ ಕೆಂಡದ ಮೇಲೆ ನಡಿಗೆ. "ಇದನ್ನೇ ದಾಟಿದವರಿಗೆ ಇನ್ನೇನು ಲೆಕ್ಕ?" ಅಂದರು ಗುರುಗಳು. ನಾನೂ ದಾಟಿದೆ, ಬೊಬ್ಬೆಯೂ ಬರಲಿಲ್ಲ. ಆದರೆ ಚಾಮರಾಜನಗರ ಕಡೆಯವಳಿಗೆ ಕೆಂಡ ತೋರಿಸಿದರೆ ಹೇಗೆ? ನಮ್ಮ ದೊಡ್ಡಜ್ಜ ಮಾರಿಹಬ್ಬದಲ್ಲಿ ಉಪವಾಸವಿದ್ದು ಪ್ರತಿವರ್ಷ ಕೊಂಡ ಹಾಯುತ್ತಿದ್ದರು. ಅದೇ ದೊಡ್ಡಜ್ಜ ನಾಯಿ ಬೊಗಳಿದರೆ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು. ಅವರದು ಹರಕೆ, ಅದರ ಮಾತೇ ಬೇರೆ. ಇದ್ದಿಲು ಶಾಖವನ್ನು ನಿಧಾನಕ್ಕೆ ಬಿಟ್ಟುಕೊಡುತ್ತದೆ, ಮೇಲೆ ಬೂದಿಯ ಪದರ ಇರುತ್ತದೆ, ಪಾದ ಊರಿರುವುದು ಕ್ಷಣ ಮಾತ್ರ. ಧೈರ್ಯ ಇರಲಿ ಬಿಡಲಿ, ನಿಲ್ಲದೆ ನಡೆದರೆ ಸಾಮಾನ್ಯವಾಗಿ ಸುಡುವುದಿಲ್ಲ. ಮಾರನೆಯ ಬೆಳಿಗ್ಗೆ ಮೈಕು ಹಿಡಿದು ನನ್ನ ಬದುಕೇ ಬದಲಾಯಿತು ಎಂದವರಲ್ಲಿ ನಾನೂ ಒಬ್ಬಳು. ಆ ವಿಡಿಯೊ ಅವರ ಪ್ರಚಾರದಲ್ಲಿ ಈಗಲೂ ಓಡುತ್ತಿದೆ. ಎಂಟು ದಿನ ಬಿಟ್ಟು ಕೊಳದ ಮೆಟ್ಟಿಲಲ್ಲಿ 80. ಆ ಅಂಕವನ್ನು ಕೇಳಲು ಯಾರೂ ಫೋನ್ ಮಾಡಲಿಲ್ಲ.

ಮೂರನೆಯದು ದೊಡ್ಡವರಿಗೆ ಈಜು ಕಲಿಸುವ ಮಧ್ಯಾಹ್ನದ ಹೆಂಗಸರ ಬ್ಯಾಚು. ಮೊದಲ ತಿಂಗಳು 3,500, ಆಮೇಲೆ ತಿಂಗಳ ಪಾಸು. ಕಲಿಸುವಾಕೆ ನನಗಿಂತ ಹದಿನೈದು ವರ್ಷ ಚಿಕ್ಕವಳು. ಸ್ಫೂರ್ತಿ ಗೀರ್ತಿ ಏನಿಲ್ಲ. ಮೊದಲ ದಿನ ಕಾಲು ಇಳಿಬಿಟ್ಟು ಕೂರಿಸಿದಳು. ಎರಡನೇ ದಿನ ಗಲ್ಲದವರೆಗೆ. ಮೂರನೇ ದಿನ ಬಾಯಿ ಮುಳುಗಿಸಿ ಗುಳುಗುಳು ಗುಳ್ಳೆ ಬಿಡಿಸಿದಳು. ನಾಲ್ಕನೇ ದಿನ ಮುಖ ಪೂರ್ತಿ. ಪುಸ್ತಕದಲ್ಲಿ ಆಗ ಎರಡು ಸಾಲು ಬರೆಯತೊಡಗಿದೆ: ಏನಾಗುತ್ತದೆ ಅಂದುಕೊಂಡಿದ್ದೆ, ಏನಾಯಿತು. "ಮೂಗಿಗೆ ನೀರು ಹೋಗಿ ಉಸಿರು ಕಟ್ಟುತ್ತೆ." ಕೆಳಗೆ: "ಮೂಗಿಗೆ ಹೋಯಿತು. ಉರಿಯಿತು. ಕೆಮ್ಮಿದೆ. ಉಸಿರು ಬಂತು. 95." ಹನ್ನೆರಡನೇ ದಿನ ಅದೇ ಕೆಲಸಕ್ಕೆ 40.

ತೇಲೋದು ಬಂದ ದಿನ ಮರೆಯೋ ಹಾಗಿಲ್ಲ. "ಮೇಡಂ, ತಲೆ ಎತ್ತಬೇಡಿ, ಎತ್ತಿದ್ರೆ ಕಾಲು ಮುಳುಗುತ್ತೆ. ದಿಂಬಿನ ಮೇಲೆ ಇಟ್ಟಂಗೆ ನೀರಿನ ಮೇಲೆ ಇಡಿ." ತಲೆ ಹಿಂದಕ್ಕೆ ಬಿಟ್ಟೆ. ಕಿವಿಗೆ ನೀರು ತುಂಬಿ ಊರಿನ ಸದ್ದೆಲ್ಲ ನಿಂತಿತು. ಎದೆ ತುಂಬ ಉಸಿರೆಳೆದರೆ ಮೈ ಒಂದು ಅಂಗುಲ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಬೆನ್ನ ಕೆಳಗಿದ್ದ ಅವಳ ಕೈ ಯಾವಾಗ ತೆಗೆದಳೋ ಗೊತ್ತಿಲ್ಲ. ನಮ್ಮೂರ ಬಾವಿಯಲ್ಲಿ ಹುಡುಗರ ಬೆನ್ನಿಗೆ ಸೋರೆಬುರುಡೆ ಕಟ್ಟಿ ಇಳಿಸಿ, ಗೊತ್ತಾಗದ ಹಾಗೆ ಬಿಚ್ಚುತ್ತಿದ್ದರಲ್ಲ, ಅದೇ ಕಸುಬು.

ಈ ದಾರಿ ಹೊಸದೂ ಅಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ, ಮೊಲ ಕಂಡರೆ ಅಳುತ್ತಿದ್ದ ಮೂರು ವರ್ಷ ತುಂಬದ ಪೀಟರ್ ಎಂಬ ಮಗುವಿನ ವಿಷಯ ಪ್ರಕಟಿಸಿದ್ದರು. ಮಗು ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ಇಷ್ಟಿಷ್ಟೇ ಹತ್ತಿರ ತರುತ್ತಿದ್ದರು. ಕೊನೆಗೆ ಮಗು ಮೊಲವನ್ನು ಸವರಿತು. ನನ್ನ ತಿಂಡಿ ಯಾವುದು ಅಂದರೆ, ಕೊಳದ ಎದುರಿನ ಕ್ಯಾಂಟೀನಿನ ಮೆಣಸಿನಕಾಯಿ ಬೋಂಡ.

ಕೊರತೆ ಹೇಳಬೇಕು. ಮಳೆಗಾಲದಲ್ಲಿ ಎರಡು ತಿಂಗಳು ಬಿಟ್ಟು ಹೋದಾಗ 20ಕ್ಕೆ ಇಳಿದಿದ್ದ ಅಂಕ 50ಕ್ಕೆ ಏರಿತ್ತು. ಇಳಿಸಲು ವಾರ ಹಿಡಿಯಿತು. ಗಂಟಲು ಕೆರೆತ, ಕ್ಲೋರಿನ್‌ಗೆ ಒರಟಾದ ಕೂದಲು ಇದ್ದದ್ದೇ. ಆಪ್ ಕೇಳದೆ ನೇರ ಕೊಳಕ್ಕೆ ಹೋಗಿದ್ದರೆ ಇಷ್ಟೇ ಆಗುತ್ತಿತ್ತಾ ಅಂತ ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ, ನಾನಿರೋದು ಒಬ್ಬಳೇ. ಆದರೆ ಆಪ್ ಕಾಲದ ಆ ಐದು ಬಿಟ್ಟರೆ, ಪುಸ್ತಕದಲ್ಲಿ ಅಂಕ ಇಳಿದಿರುವುದೆಲ್ಲ ಮೈ ಒದ್ದೆಯಾದ ದಿನಗಳಲ್ಲಿ. ಕೊಳ್ಳುವ ಮುಂಚೆ ಪರೀಕ್ಷೆ ಏನು ಅಂತ ಬರೆದಿಡಿ. ಕೊಂಡಮೇಲೆ ಬರೆಯಲು ಕೂತರೆ ಕೊಟ್ಟ ದುಡ್ಡು ಪೆನ್ನು ಹಿಡಿಯುತ್ತದೆ.

ಎರಡು ವರ್ಷಕ್ಕೆ ನನ್ನ ಲೆಕ್ಕ: 25 ಮೀಟರ್ ಕೊಳದಲ್ಲಿ ನಿಲ್ಲದೆ ನಾಲ್ಕು ಸುತ್ತು, ಎಂಟು ಅಡಿ ಆಳದ ಕಡೆ 15. ಸ್ನಾನದಲ್ಲಿ ಕಣ್ಣು ಮುಚ್ಚುತ್ತೇನೆ. ಬ್ಯಾಚಿಗೆ ನಾಲ್ಕೂವರೆ ಸ್ಟಾರ್.

ಕಳೆದ ತಿಂಗಳು ನಂಜನಗೂಡಿಗೆ ಹೋಗಿದ್ದೆವು. ಕಪಿಲೆಯ ಮೆಟ್ಟಿಲು, ಪಾಚಿ, ತಳ ಕಾಣದ ನೀರು. ಮಗಳು ಕೈ ಚಾಚಿದಳು. ಮೂರನೇ ಮೆಟ್ಟಿಲಿಗೆ ಇಳಿದು ಒಂದು ನಿಮಿಷ ನಿಂತೆ. 75.