ಟ್ರೇಲರ್ ಎಳೆಯುವವರೇ, ಆ್ಯಪ್ ತೋರಿಸುವ ಗೇರ್‌ಬಾಕ್ಸ್ ಬಿಸಿಯನ್ನು ಪರೀಕ್ಷಿಸದೆ ನಂಬಬೇಡಿ

ಓಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದುವ ಕಿಂಡಿ) ಪುಟ್ಟ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಗಾಡಿಯ ಅಂಕಿಗಳನ್ನು ಫೋನಿನಲ್ಲಿ ನೋಡುತ್ತಾ ದೂರ ಹೋಗುವ ಅಭ್ಯಾಸ ಒಳ್ಳೆಯದೇ. ಆದರೆ ಗೇರ್‌ಬಾಕ್ಸ್ ಆಯಿಲ್ ಎಷ್ಟು ಬಿಸಿ ಅಂತ ಆ್ಯಪ್ ಹೇಳುತ್ತಿದ್ದರೆ, ಆ ಅಂಕಿ ನಿಜವಾಗಿ ನಿಮ್ಮ ಗಾಡಿಯದ್ದೇನಾ ಅಂತ ಹೊರಡುವ ಮೊದಲು ನೋಡಿಕೊಳ್ಳಿ. ನಮ್ಮ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸುಟ್ಟಿದ್ದು ಪರದೆಯಲ್ಲಿ ಎಲ್ಲ ಸರಿಯಾಗಿ ಕಾಣುತ್ತಿದ್ದಾಗಲೇ.

ಫೋನ್ ಸಿಗ್ನಲ್ ಇಲ್ಲದ ಉದ್ದನೆಯ ಏರುದಾರಿ. ಹಿಂದೆ ತುಂಬಿದ ಟ್ರೇಲರ್. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇತ್ತು. ಆ್ಯಪ್‌ನಲ್ಲಿ ಗೇರ್‌ಬಾಕ್ಸ್ ಆಯಿಲ್ 74 ಡಿಗ್ರಿ ಅಂತ ತೋರಿಸುತ್ತಿತ್ತು. ತಿರುವುಗಳು ಹತ್ತಿರವಾದಂತೆ ವೇಗ ಇಳಿಯಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ಆಮೇಲೆ ಸುಟ್ಟ ವಾಸನೆ. ಸ್ವಲ್ಪ ಹೊತ್ತಿಗೆ ಚೆಕ್ ಎಂಜಿನ್ ಲೈಟ್ ಹತ್ತಿತು, ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು, ಹೆಚ್ಚಿನ ಹಾನಿ ತಡೆಯಲು ಶಕ್ತಿ ಕಡಿಮೆ ಮಾಡುವ ಲಿಂಪ್ ಮೋಡ್‌ಗೆ ಹೋಯಿತು. ಆಗಲೂ ಆ್ಯಪ್ ಎಪ್ಪತ್ತರ ಆಸುಪಾಸಿನಲ್ಲೇ ಇತ್ತು!

ವರ್ಕ್‌ಶಾಪ್ ಸ್ಕ್ಯಾನರ್‌ನಲ್ಲಿ ಬಂದ ಕೋಡ್ ಪಿ0218. ಅಂದರೆ ಗೇರ್‌ಬಾಕ್ಸ್ ಆಯಿಲ್ ಮಿತಿಮೀರಿ ಬಿಸಿಯಾಗಿದೆ ಅಂತ. ಮೆಕ್ಯಾನಿಕ್ ಆಯಿಲ್ ಇಳಿಸಿ ತೋರಿಸಿದರು. ಕೆಂಪಗೆ ತಿಳಿಯಾಗಿರಬೇಕಾದ ಆಯಿಲ್ ಕರಿ ಕಾಫಿಯ ಹಾಗಿತ್ತು. ಬೆರಳಲ್ಲಿ ಉಜ್ಜಿದರೆ ಸಣ್ಣ ಪುಡಿ ತಾಗುತ್ತಿತ್ತು. ಅದು ಕ್ಲಚ್ ಪ್ಲೇಟುಗಳು ಸವೆದು ಉದುರಿದ ಪುಡಿ.

ಆ್ಯಪ್ ಯಾಕೆ ತಪ್ಪು ಹೇಳಿತು? ಎಂಜಿನ್ ಕೂಲಂಟ್ (ಎಂಜಿನ್ ತಣಿಸುವ ದ್ರವ) ಬಿಸಿ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು), ವೇಗ ಇವಕ್ಕೆಲ್ಲ ಓಬಿಡಿ‌ನಲ್ಲಿ ಎಲ್ಲ ತಯಾರಕರಿಗೂ ಅಂಕಿ ಕೇಳುವ ಕೋಡ್ ಒಂದೇ, ಲೆಕ್ಕ ಒಂದೇ. ಕೂಲಂಟ್ ಆದರೆ ಬಂದ ಸಂಖ್ಯೆಯಿಂದ 40 ಕಳೆದರೆ ಡಿಗ್ರಿ ಸೆಲ್ಸಿಯಸ್ ಸಿಗುತ್ತದೆ. ಗೇರ್‌ಬಾಕ್ಸ್ ಬಿಸಿ ಹಾಗಲ್ಲ. ಅದಕ್ಕೆ ಹೆಚ್ಚಿನ ತಯಾರಕರು ತಮ್ಮದೇ ಕೋಡ್, ತಮ್ಮದೇ ಲೆಕ್ಕ ಇಟ್ಟುಕೊಂಡಿದ್ದಾರೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ನಮ್ಮ ಆ್ಯಪ್‌ನೊಳಗೆ ಇದ್ದದ್ದು ಬೇರೆ ಮಾಡೆಲ್ಲಿನ ಲೆಕ್ಕ. ಯಾವುದೋ ಸಂಖ್ಯೆ ತಗೊಂಡು, ನಂಬುವಂಥ ಡಿಗ್ರಿ ಮಾಡಿ ತೋರಿಸುತ್ತಿತ್ತು. "ಎಲ್ಲ ಗಾಡಿಗೂ ಆಗುತ್ತೆ" ಅಂತ ಹೇಳಿ ಇಂಥದ್ದನ್ನು ಮಾರುವುದು ನಿಜಕ್ಕೂ ಅಪಾಯದ ಕೆಲಸ. ಅಂಕಿಯೇ ಬರದಿದ್ದರೆ ಜನ ಎಚ್ಚರವಾಗಿರುತ್ತಾರೆ. ತಪ್ಪು ಅಂಕಿ ಬಂದರೆ ಧೈರ್ಯವಾಗಿ ಮುಂದೆ ಹೋಗುತ್ತಾರೆ, ಅಲ್ವಾ?

ಇದನ್ನು ಪತ್ತೆ ಮಾಡುವುದು ಸುಲಭ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕೂಲಂಟ್, ಒಳಬರುವ ಗಾಳಿ, ಗೇರ್‌ಬಾಕ್ಸ್ ಆಯಿಲ್ ಮೂರೂ ಹೆಚ್ಚುಕಮ್ಮಿ ಹೊರಗಿನ ಹವೆಯಷ್ಟೇ ಇರಬೇಕು. ತಣ್ಣಗಿನ ಬೆಳಿಗ್ಗೆ ಗೇರ್‌ಬಾಕ್ಸ್ 60 ಅಂದರೆ ಆ ಅಂಕಿಗೆ ಅರ್ಥವಿಲ್ಲ. ಆಮೇಲೆ ಓಡಿಸಿ ನೋಡಿ. ಆಯಿಲ್ ನಿಧಾನವಾಗಿ ಬಿಸಿ ಏರಬೇಕು. ಥಟ್ಟನೆ ಹಾರಿದರೂ ಅನುಮಾನ, ಕದಲದಿದ್ದರೂ ಅನುಮಾನ. ಅದೇ ಪರದೆಯಲ್ಲಿ ಆರ್‌ಪಿಎಂ ಕೂಡ ಇಟ್ಟುಕೊಳ್ಳಿ. ಓಡುವ ಗಾಡಿಯಲ್ಲಿ ಆರ್‌ಪಿಎಂ ಸುಮ್ನೆ ನಿಲ್ಲುವುದಿಲ್ಲ. ಅದು ನಿಂತರೆ ಬ್ಲೂಟೂತ್ ಕಡಿದು, ಹಳೇ ಅಂಕಿ ಹಾಗೇ ಉಳಿದಿದೆ ಎಂದರ್ಥ.

ಡ್ಯಾಶ್‌ಬೋರ್ಡಿನ ಮುಳ್ಳನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ಮೊದಲನೆಯದಾಗಿ ಅದು ಎಂಜಿನ್ನಿನದ್ದು, ಗೇರ್‌ಬಾಕ್ಸಿನದ್ದಲ್ಲ. ಮೇಲಾಗಿ ಎಷ್ಟೋ ಗಾಡಿಗಳಲ್ಲಿ ಕೂಲಂಟ್ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ಮಧ್ಯದಿಂದ ಅಲುಗದ ಹಾಗೆ ಮಾಡಿರುತ್ತಾರೆ. ಇನ್ನೊಂದು ಅಪಾಯ ಕೇಳಿ. ಕೂಲಂಟ್ ಸೋರಿ ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ಉಳಿಯುತ್ತದೆ. ಎಂಜಿನ್ ಬೇಯುತ್ತಿದ್ದರೂ ಅಂಕಿ ಕಡಿಮೆ ತೋರಿಸಬಹುದು. ಭಾರ ಎಳೆಯುವಾಗ ಕೂಲಂಟ್ ಬಿಸಿ ಕಾರಣವಿಲ್ಲದೆ ದಿಢೀರ್ ಇಳಿದರೆ ಖುಷಿಪಡಬೇಡಿ, ನಿಲ್ಲಿಸಿ.

ಕಡಿದಾದ ಏರಿನಲ್ಲಿ ನಿಧಾನ ಹೋಗುವಾಗಲೇ ಗೇರ್‌ಬಾಕ್ಸ್ ಜಾಸ್ತಿ ಕಾಯುತ್ತದೆ. ಆಗ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರುಗಳಿಗೆ ದಾಟಿಸುವ ಭಾಗ) ಲಾಕ್ ಆಗದೆ ಜಾರುತ್ತಿರುತ್ತದೆ, ಆ ಜಾರಾಟವೆಲ್ಲ ಆಯಿಲ್‌ಗೆ ಬಿಸಿಯಾಗಿ ಸೇರುತ್ತದೆ. ಟೋ ಮೋಡ್ (ಭಾರ ಎಳೆಯುವಾಗಿನ ಸೆಟ್ಟಿಂಗ್) ಇದ್ದರೆ ಹಾಕಿ, ಮೇಲಿನ ಗೇರಿಗೆ ಹೋಗಲು ಬಿಡದೆ ಕೆಳಗಿನ ಗೇರಿನಲ್ಲಿ ಹಿಡಿಯಿರಿ. ಸಾಮಾನ್ಯವಾಗಿ 80ರಿಂದ 95 ಡಿಗ್ರಿಯಲ್ಲಿ ಇರುವ ಆಯಿಲ್ 120 ದಾಟುತ್ತಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಕೂಲಂಟ್ ಸರಿಯಿದ್ದರೆ ಎಂಜಿನ್ ತಕ್ಷಣ ಆಫ್ ಮಾಡಬೇಡಿ. ಪಾರ್ಕ್‌ನಲ್ಲಿಟ್ಟು ಓಡಲು ಬಿಟ್ಟರೆ ಆಯಿಲ್ ಕೂಲರ್ ಮೂಲಕ ಸುತ್ತಿ ತಣಿಯುತ್ತದೆ. ಅಂಕಿ ನೋಡುವ ಕೆಲಸ ಪಕ್ಕದವರದ್ದು. ಒಬ್ಬರೇ ಇದ್ದರೆ ಆ್ಯಪ್‌ನಲ್ಲಿ ಅಲಾರಂ ಇಡಿ.

ದೀಪ ಹತ್ತಿದಾಗ ಆ್ಯಪ್‌ನಿಂದ ಕೋಡ್ ಅಳಿಸುವ ಆಸೆ ಬರುತ್ತದೆ. ಮೊದಲು ಬರೆದಿಟ್ಟುಕೊಳ್ಳಿ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆಯಿರಿ. ಅಳಿಸಿದರೆ ಕೋಡ್ ಜೊತೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ಕೋಡ್ ಬಂದ ಕ್ಷಣದ ವೇಗ, ಆರ್‌ಪಿಎಂ, ಎಂಜಿನ್ ಮೇಲಿನ ಭಾರ ಇರುವುದು ಅದರಲ್ಲೇ. ನಮ್ಮ ಗಾಡಿಯಲ್ಲಿ ಅದು ಉಳಿದಿದ್ದರಿಂದಲೇ ಮೆಕ್ಯಾನಿಕ್ ಕಾರಣ ಬೇಗ ಹಿಡಿದರು.

ಇನ್ನು ಲಾಗಿನ್ ಕೇಳುವ ಆ್ಯಪ್ ಆದರೆ, ಮನೆಯಲ್ಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮಾತ್ರ ಆನ್ ಮಾಡಿ, ಸಿಗ್ನಲ್ ಇಲ್ಲದೆಯೂ ತೆರೆಯುತ್ತದಾ ನೋಡಿ. ರಾತ್ರಿ ತಂಗಿದ ಕಡೆ ಅಡಾಪ್ಟರ್ ಕಿತ್ತಿಡಿ. ಕೆಲವು ಅಡಾಪ್ಟರ್‌ಗಳು ಗಾಡಿ ಆಫ್ ಇದ್ದಾಗಲೂ ಬ್ಯಾಟರಿ ಹೀರುತ್ತಲೇ ಇರುತ್ತವೆ.